ಗಂಡ ಬಿಟ್ಟೋರ ಸ್ಟಾಪು

ಹಸಿ ಊದುಬತ್ತಿಗೆ ಪರಿಮಳ ಇರುವುದಿಲ್ಲ. ಇದ್ದಿಲ ಪುಡಿ, ಜಿಗಟು ಪುಡಿ, ನೀರು ಕಲಸಿ ಬಿದಿರು ಕಡ್ಡಿಗೆ ಹೊಸೆದ ಬತ್ತಿ ಒದ್ದೆ ತೊಗಟೆಯ ಹಾಗೆ, ನೀರು ಚೆಲ್ಲಿ ಆರಿಸಿದ ಒಲೆಯ ಹಾಗೆ ನಾರುತ್ತದೆ. ಗಂಧ, ಮಲ್ಲಿಗೆ ಎಲ್ಲ ಆಮೇಲೆ ಫ್ಯಾಕ್ಟರಿಯಲ್ಲಿ ಹತ್ತುವಂಥದ್ದು. ಹೋದ ವಾರ ಲಷ್ಕರ್ ಮೊಹಲ್ಲಾದ ನಮ್ಮ ಗಲ್ಲಿಯಲ್ಲಿ ಗೂಡ್ಸ್ ಆಟೋ ಒಂದು ಕೆಟ್ಟು ನಿಂತಿತ್ತು. ಹಿಂದೆ ಹಸಿ ಬತ್ತಿಯ ಮೂಟೆಗಳು. ಹೊದಿಸಿದ್ದ ಟಾರ್ಪಾಲು ಹರಿದು ಸೋನೆ ಮಳೆ ಒಳಗಿಳಿಯುತ್ತಿತ್ತು. ಜನ ಮೂಗು ಮುಚ್ಚಿಕೊಂಡು ಪಕ್ಕದಲ್ಲಿ ಹೋದರು. ನಾನು ಮಾತ್ರ ಕೊಡೆ ಹಿಡಿದು ಅಲ್ಲೇ ನಿಂತೆ. ತೊಂಬತ್ತೆಂಟರ ಆಷಾಢ, ಶ್ರಾವಣಗಳು ಪೂರ್ತಿ ನನ್ನ ಸೀರೆ, ಜಡೆ, ಉಗುರು ಎಲ್ಲ ಹೀಗೇ ನಾರುತ್ತಿದ್ದವು.

ಆ ವರ್ಷ ನಾನು ಬಿ.ಕಾಂ. ಮುಗಿಸಿ ದೊಡ್ಡಪ್ಪನ ಬತ್ತಿ ಅಂಗಡಿಯಲ್ಲಿ ಕೂರುತ್ತಿದ್ದೆ. ದೊಡ್ಡಪ್ಪ ಕಡ್ಡಿ, ಪುಡಿಗಳನ್ನು ಮನೆಮನೆಗೆ ಹಂಚಿ, ಹೆಂಗಸರು ಹೊಸೆದ ಬತ್ತಿ ಒಟ್ಟು ಮಾಡಿ ಫ್ಯಾಕ್ಟರಿಗೆ ಕಳಿಸುತ್ತಿದ್ದರು. ಒಂದು ದಿನ ಲಲಿತಮ್ಮ ಅಂಗಡಿಗೆ ಬಂದರು. ನಿವೃತ್ತ ಸ್ಕೂಲು ಮೇಡಂ. ಅವರ ತಾತ ಅರಮನೆಯಲ್ಲಿ ಪಂಚಾಂಗ ಓದುತ್ತಿದ್ದವರಂತೆ. ಮಂಡಕಳ್ಳಿಯ ವಿಮಾನ ಮೈದಾನ ದಾಟಿ ಒಳಗಿನ ಒಂದು ಹಳ್ಳಿಯಲ್ಲಿ, ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಗಂಡನ ಹೊಡೆತ ತಾಳದೆ ಬಂದ ಹೆಂಗಸರನ್ನು ಅಲ್ಲಿ ಇಟ್ಟುಕೊಂಡಿದ್ದರು. ಆ ಹೆಂಗಸರಿಗೆ ಕೂತು ಮಾಡುವ ಕೆಲಸ ಬೇಕಾಗಿತ್ತು.

ದೊಡ್ಡಪ್ಪ ವಿಭೂತಿ ಹಣೆಯನ್ನು ಉಜ್ಜಿಕೊಂಡು ಯೋಚಿಸಿದರು. "ಕೊಡಣ ಮೇಡಂ. ಆದ್ರೆ ನಮ್ಮ ಅಂಗಡಿ ಹೆಸರು ಎಲ್ಲೂ ಹೇಳ್ಬೇಡಿ. ನಾಳೆ ಯಾರೋ ಬಂದು, ನನ್ನ ಹೆಂಡ್ತಿ ಹೊಸೆದ ಬತ್ತೀನ ನೀನ್ಯಾಕೆ ತಗೊಂಡೆ ಅಂತ ಕಾಲರ್ ಹಿಡ್ಕೊಂಡ್ರೆ?"

ಮೂಟೆ ಒಯ್ದು ಕೊಟ್ಟು, ಹೊಸೆದದ್ದನ್ನು ತರಲು ಯಾವ ಆಳೂ ಒಪ್ಪಲಿಲ್ಲ. ನಾನು ಹೋಗುತ್ತೇನೆ ಎಂದೆ. ಮನೆಯಲ್ಲಿ ಅಮ್ಮ ತಟ್ಟೆ ಕುಕ್ಕಿದಳು. "ನಿಂಗೆ ಗಂಡು ನೋಡ್ತಿದ್ದೀವಿ ಕಣೇ ರೇಣು. ಗಂಡ ಬಿಟ್ಟೋರ ಸಹವಾಸ ಮಾಡ್ತಾಳೆ ಅಂತ ಒಬ್ರ ಕಿವಿಗೆ ಬಿದ್ರೆ ಸಾಕು, ನಮ್ಮನೆ ಮೆಟ್ಟಿಲು ಯಾರೂ ಹತ್ತಲ್ಲ." ಆ ಎರಡು ತಿಂಗಳು ನಾನು ಹಿಂತಿರುಗಿದ ಕೂಡಲೇ ಹಿತ್ತಲಲ್ಲೇ ಸ್ನಾನ ಮಾಡಿ ಒಳಗೆ ಬರಬೇಕು ಎಂದು ಕಟ್ಟು ಮಾಡಿದಳು, ಸೂತಕದ ಮನೆಗೆ ಹೋಗಿ ಬಂದವರ ಹಾಗೆ.

ದಿನಚರಿ ಬರೆಯುವುದು ನನಗೆ ಚಿಕ್ಕಂದಿನ ಚಟ. ಮಳೆ ಬಂದರೆ ಮಳೆ, ಬಸ್ಸು ತಪ್ಪಿದರೆ ಬಸ್ಸು, ತಾರೀಖಿನ ಜೊತೆ. ಆ ಕಾಲದ ಪುಟಗಳಲ್ಲಿ ಮೊದಲು ಬರುವುದು ಬಸ್ಸಿನ ಕಂಡಕ್ಟರು. ಊರಿಗೆ ಅರ್ಧ ಮೈಲಿ ಇರುವಾಗಲೇ ಆ ಮನೆ ಸಿಗುತ್ತದೆ. ಅಲ್ಲಿಗೆ ಬಸ್ಸು ಬಂದಾಗ ಅವನು ಶಿಳ್ಳೆ ಊದಿ, "ಗಂಡ ಬಿಟ್ಟೋರ ಸ್ಟಾಪು! ಯಾರ್ರೀ ಇಳಿಯೋರು?" ಎಂದು ಕೂಗುತ್ತಿದ್ದ. ಬಸ್ಸು ನಗುತ್ತಿತ್ತು. ಮೂಟೆ ಹೊತ್ತು ನಾನು ಇಳಿಯುವವರೆಗೂ ನಗುತ್ತಿತ್ತು. ಹಿಂದಿನ ಸೀಟಿನ ಒಬ್ಬ ಒಂದು ದಿನ, "ಇದಿನ್ನೂ ಎಳೇದು, ಯಾವಾಗ್ ಕಟ್ಕೊಂಡು ಯಾವಾಗ್ ಬಿಡ್ತು?" ಎಂದ. ಇದ್ದಿಲ ಮೂಟೆಯನ್ನು ಅವನ ಕಾಲ ಮೇಲೆ ಇಟ್ಟು, ಮತ್ತೆ ಎತ್ತಿಕೊಂಡು ಇಳಿದೆ. ಬೇಕೆಂದೇ ಇಟ್ಟೆ.

ಮನೆಯ ಒಳಗೆ ಉದ್ದನೆಯ ಒಂದೇ ಅಂಕಣ. ಹುಳುವಿನ ತಟ್ಟೆ ಇಡುತ್ತಿದ್ದ ಬಿದಿರಿನ ಚೌಕಟ್ಟುಗಳಲ್ಲಿ ಈಗ ಹೆಂಗಸರ ಟ್ರಂಕುಗಳು. ಗೋಡೆಯುದ್ದಕ್ಕೂ ಮಣೆ ಹಾಕಿಕೊಂಡು ಕೂತು ಬತ್ತಿ ಹೊಸೆಯುತ್ತಿದ್ದರು. ಮಾತಿಲ್ಲದೆ ಅಂಗೈ ಹಿಂದೆ ಮುಂದೆ ಹೋಗುವ ಸದ್ದು ಮಾತ್ರ. ಎಲ್ಲರ ಕೈಯೂ ಮೊಣಕೈವರೆಗೆ ಕಪ್ಪು. ಹೊಸದಾಗಿ ಬಂದವರ ಕೈಯಲ್ಲಿ ಯಾವುದು ಬತ್ತಿಯ ಕಪ್ಪು, ಯಾವುದು ಏಟಿನ ಕಪ್ಪು ಎಂದು ತಿಳಿಯಲು ಎರಡು ದಿನ ಬೇಕಾಗುತ್ತಿತ್ತು.

ಅಡಿಗೆ, ಆಡಳಿತ ಎರಡೂ ದೇವೀರಮ್ಮನದು. ಅರವತ್ತರ ಹತ್ತಿರದ ಹೆಂಗಸು. ಗಂಡ ಕೊಡಲಿ ಕಾವಿನಿಂದ ಹೊಡೆದು ಎಡಗಿವಿ ಕೇಳಿಸುತ್ತಿರಲಿಲ್ಲ. ಊರವರು ಬೈದರೆ, "ಈ ಕಡಿಂದ ಬಯ್ರಪ್ಪ, ನಂಗೂ ಕೇಳ್ಲಿ" ಎಂದು ಬಲಗಿವಿ ತಿರುಗಿಸುವಳು. ಊರವರು ಬೈಯುವುದರಲ್ಲಿ ಹಿಂದೆ ಬೀಳುತ್ತಿರಲಿಲ್ಲ. ಬೋರಿನ ನಲ್ಲಿಯ ಹತ್ತಿರ ಈ ಮನೆಯ ಕೊಡಗಳನ್ನು ಕಾಲಿನಿಂದ ತಳ್ಳುತ್ತಿದ್ದರು. ತಮ್ಮ ಸೊಸೆಯಂದಿರು ಎದುರು ಮಾತಾಡಿದರೆ, "ಓಗು, ರೇಷ್ಮೆ ಮನೆಗೋಗಿ ಬತ್ತಿ ಒಸೆ ಓಗು" ಎನ್ನುತ್ತಿದ್ದರು. ಹಂಚಿನ ಮೇಲೆ ಕಲ್ಲು ಬೀಳುವುದು ವಾರಕ್ಕೊಮ್ಮೆ. ಮನೆಯ ಮಾಲೀಕ ಕೆಂಪಣ್ಣನೇ ಊರಿನ ಯಜಮಾನ. ಬಾಡಿಗೆ ಪಡೆಯಲು ಬಂದವನು ಹೊಸಿಲು ದಾಟುತ್ತಿರಲಿಲ್ಲ. ಟವೆಲ್ಲು ಹರಡಿ ಅದರ ಮೇಲೆ ಹಾಕಿಸಿಕೊಂಡು ಹೋಗುತ್ತಿದ್ದ.

ಆಷಾಢದಲ್ಲಿ ಆ ಮನೆ ಖಾಲಿ ಇರಬೇಕು ಎಂದುಕೊಂಡಿದ್ದೆ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಆ ತಿಂಗಳು ತವರಿನಲ್ಲಿರುತ್ತಾರೆ. ಅತ್ತೆ ಸೊಸೆ ಒಂದೇ ಬಾಗಿಲಲ್ಲಿ ಓಡಾಡಬಾರದು, ಗಂಡ ಹೆಂಡಿರು ಒಟ್ಟಿಗೆ ಇರಬಾರದು. ಹೊಡೆಸಿಕೊಳ್ಳುವವರಿಗೆ ಶಾಸ್ತ್ರವೇ ಕೊಟ್ಟ ರಜೆ. ಆದರೆ ತಿಂಗಳ ಕೊನೆಯಾದಂತೆ ಮನೆ ತುಂಬತೊಡಗಿತು. ಬಂದವರು ಗಂಡನ ಮನೆಯಿಂದ ಓಡಿ ಬಂದವರಲ್ಲ, ತವರಿನಿಂದ ಓಡಿ ಬಂದವರು. ಶ್ರಾವಣ ಹುಟ್ಟಿದರೆ ಅಪ್ಪ ಅಣ್ಣಂದಿರೇ ಅವರನ್ನು ವಾಪಸ್ಸು ಬಿಟ್ಟು ಬರುತ್ತಿದ್ದರು.

ಭಾಗ್ಯ ಬಂದದ್ದು ಭೀಮನ ಅಮಾವಾಸ್ಯೆಯ ಹಿಂದಿನ ದಿನ, ಬುಧವಾರ. ಮಾರನೆಯ ದಿನ ಗಂಡನ ಪಾದ ತೊಳೆದು ಪೂಜೆ ಮಾಡಬೇಕಾದವಳು ಟೀ ನರಸೀಪುರದ ಕಡೆಯಿಂದ ಎರಡು ಬಸ್ಸು ಬದಲಿಸಿ, ಬರಿಗಾಲಲ್ಲಿ ಬಂದಿದ್ದಳು. ಇಪ್ಪತ್ತು ದಾಟಿರಲಿಲ್ಲ. ಫೆಬ್ರವರಿಯಲ್ಲಿ ಮದುವೆ. ಬಲ ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆಯ ತುದಿಯ ಆಕಾರದ ಗಾಯ, ಅಂಚು ಇನ್ನೂ ಕೆಂಪು. ಲಲಿತಮ್ಮ ಕೇಳಿದಾಗ, "ಅಂಗಿ ಕಾಲರ್ ಸುಕ್ಕಿತ್ತು" ಎಂದಳು. ಮಣೆಯ ಮುಂದೆ ಕೂತು ನೋಡನೋಡುತ್ತಿದ್ದಂತೆ ಕೆಲಸ ಕಲಿತಳು. ಎಡಗೈಯಲ್ಲಿ ಹೊಸೆಯುತ್ತಿದ್ದಳು.

ಗೇಟಿಗೆ ಬಂದು ಕೂಗಾಡಿದವರ ಲೆಕ್ಕ ನನ್ನ ದಿನಚರಿಯಲ್ಲಿದೆ. ಆ ಎರಡು ತಿಂಗಳಲ್ಲಿ ಗಂಡಂದಿರು ಬಂದದ್ದು ನಾಲ್ಕು ಸಲ. ಅಣ್ಣ, ತಮ್ಮ, ಸೋದರಮಾವ, ತಾಯಿ ಬಂದದ್ದು ಇಪ್ಪತ್ತಮೂರು ಸಲ. ಗಂಡಸರ ಕ್ರೌರ್ಯದ ಬಗ್ಗೆ ಯಾರಾದರೂ ಭಾಷಣ ಮಾಡಿದರೆ ನನಗೆ ಈ ಎರಡು ಅಂಕಿಗಳು ನೆನಪಾಗಿ ಮೈ ಉರಿಯುತ್ತದೆ. ಗಂಡಂದಿರು ಮನೆಯಲ್ಲಿ ಆರಾಮಾಗಿದ್ದರು. ಎಳೆದೊಯ್ಯುವ ಕೆಲಸವನ್ನು ತವರಿನವರಿಗೆ ವಹಿಸಿದ್ದರು.

ಭಾಗ್ಯನ ತಾಯಿ ಮತ್ತು ಅಣ್ಣ ಮಾದೇವ ಶ್ರಾವಣದ ಮೊದಲ ಸೋಮವಾರ ಬಂದರು. ಆಮೇಲೆ ದಿನ ಬಿಟ್ಟು ದಿನ ಬಂದರು. ಕೆಂಪಣ್ಣ ಅವರಿಗೆ ತನ್ನ ಜಗಲಿಯಲ್ಲಿ ಜಾಗ ಕೊಟ್ಟ, ಕಾಫಿ ಕೊಟ್ಟ. ತಾಯಿ ಗೇಟಿನ ಸರಳು ಹಿಡಿದು ನಿಂತು ಒಂದೇ ಮಾತು ಹೇಳುತ್ತಿದ್ದಳು. "ನಿನ್ ತಂಗೀಗೆ ಗಂಡು ಬಂದು ನಿಂತದೆ ಕಣವ್ವ. ನೀ ಇಲ್ಲಿ ಕುಂತ್ರೆ ಅವ್ರು ಎದ್ದೋಯ್ತರೆ. ಒಂದ್ ವರ್ಷ ತಡ್ಕೊ. ಆಮೇಲೆ ಏನಾರ ಮಾಡ್ಕೊ."

"ಒಂದ್ ವರ್ಷ ಬದುಕಿದ್ರಲ್ವಾ ಆಮೇಲೆ?" ಎಂದರು ಲಲಿತಮ್ಮ.

"ನೀವು ಓದ್ದೋರು, ನಿಮ್ಗೆಲ್ಲಾ ಮಾತು" ಎಂದ ಮಾದೇವ. "ನಿಮ್ಮನೆ ಎಣ್ಮಕ್ಳುನ್ನ ಇಂಗೇ ಬೀದೀಲಿ ಕೂರ್ಸಿ ಬತ್ತಿ ಒಸೆಸ್ತೀರಾ? ನಮ್ಮ ಮಾನ ಅಂದ್ರೆ ನಿಮಗೆ ಕಡ್ಡಿ, ಪುಡಿ."

ಠಾಣೆಗೆ ಹೋದರೆ ಅಲ್ಲಿ ಕೂತಿದ್ದವನು, "ಹಬ್ಬದ ಕಾಲ ಮೇಡಂ, ರಾಜಿ ಮಾಡ್ಕೊಳ್ಳಿ" ಎಂದು ಬೆರಳಿನಿಂದ ಬಾಗಿಲು ತೋರಿಸಿದ.

ಇನ್ನು ಇಲ್ಲಿಟ್ಟುಕೊಂಡರೆ ಒಂದಲ್ಲ ಒಂದು ದಿನ ಹೊತ್ತೊಯ್ಯುತ್ತಾರೆ ಎಂದು ಲಲಿತಮ್ಮ ಬೋಗಾದಿಯಲ್ಲಿ ಒಂದು ಜಾಗ ಹುಡುಕಿದರು. ಹೊಸ ಬಡಾವಣೆಯಲ್ಲಿ ಕಾಲೇಜು ಹುಡುಗಿಯರನ್ನು ಇಟ್ಟುಕೊಂಡಿದ್ದ ವಿಧವೆಯೊಬ್ಬರ ಮನೆ. ಅಡಿಗೆ ಕೆಲಸ, ಅಲ್ಲೇ ವಾಸ. ಭಾಗ್ಯನನ್ನು ಕರೆದುಕೊಂಡು ಹೋಗುವುದು ನನ್ನ ಜವಾಬ್ದಾರಿ. ಹೊರಡುವ ದಿನವನ್ನು ಗೊತ್ತು ಮಾಡಿದವಳು ದೇವೀರಮ್ಮ. ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳನ್ನು ಮನೆಯಿಂದ ಕಳಿಸಬಾರದು, ಬುಧವಾರ ಬೇಡ. ಗುರುವಾರವೇ ಸೈ ಎಂದಳು. ಅದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ.

ಆ ಮನೆಗೆ ಒಂದು ಪದ್ಧತಿ ಇತ್ತು. ಅಲ್ಲಿಂದ ಯಾವ ಹೆಣ್ಣೇ ಹೊರಡಲಿ, ದೇವೀರಮ್ಮ ಮಡಿಲು ತುಂಬಿಸಿ ಕಳಿಸುತ್ತಿದ್ದಳು. ಎರಡು ಪಾವು ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಎಲೆ ಅಡಿಕೆ, ಒಂದು ರವಿಕೆ ಕಣ. ಲಲಿತಮ್ಮನಿಗೆ ಇದು ಹಿಡಿಸುತ್ತಿರಲಿಲ್ಲ. "ಅದು ಗಂಡನ ಮನೆಗೆ ಹೋಗೋರಿಗೆ ತುಂಬೋದು ಕಣ್ರೀ ದೇವೀರಮ್ಮ" ಎಂದು ಒಮ್ಮೆ ಹೇಳಿದ್ದರು.

"ತವರಿಂದ ಓಗೋರ್ಗೆ ತುಂಬೋದು ಅವ್ವಾ" ಎಂದಿದ್ದಳು ದೇವೀರಮ್ಮ. "ಎಲ್ಲಿಗೋಯ್ತರೆ ಅನ್ನೋದು ಅವ್ರಿಗೆ ಬುಟ್ಟಿದ್ದು."

ಗುರುವಾರ ಬೆಳಗ್ಗೆ ಲಲಿತಮ್ಮ ಬೋಗಾದಿಯಲ್ಲೇ ನಮಗಾಗಿ ಕಾಯುತ್ತಿದ್ದರು. ಒಳಗೆಲ್ಲ ಒಣಗಲು ಹರಡಿದ ಬತ್ತಿ. ಮಳೆ ಹೊಳವಾಗಿತ್ತು. ಆದ್ದರಿಂದ ದೇವೀರಮ್ಮ ಭಾಗ್ಯನನ್ನು ಹೊರಗೆ ಜಗಲಿಯ ಮೇಲೆ ಪೂರ್ವಕ್ಕೆ ಕೂರಿಸಿ, ಅರಿಸಿನ ಕುಂಕುಮ ಕೊಟ್ಟು, ಎಲ್ಲರಿಗೂ ಕಾಣುವ ಹಾಗೆ ಮಡಿಲು ತುಂಬಿಸಿದಳು. ನಾಲ್ಕು ಹೆಂಗಸರು ಕಪ್ಪು ಕೈಗಳನ್ನು ತೊಳೆದುಕೊಂಡು ಬಂದು ಸೋಬಾನೆ ಹಾಡಿದರು. ನನಗೂ ಚೆನ್ನಾಗಿಯೇ ಕಂಡಿತು. ರಸ್ತೆಯಲ್ಲಿ ಕೆಂಪಣ್ಣ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನು ನಿಂತು ನೋಡಿ, ಎಮ್ಮೆಯನ್ನು ಅಲ್ಲೇ ಬಿಟ್ಟು ಊರ ಕಡೆ ಓಡಿದ.

ನಾವು ಬಸ್ಸಿಗೆ ನಿಂತಾಗ ಅರ್ಧ ಊರು ಬಂದಿತ್ತು. ಬೆಳಗ್ಗೆಯೇ ಬಂದು ಕೆಂಪಣ್ಣನ ಜಗಲಿಯಲ್ಲಿ ಕೂತಿದ್ದ ಮಾದೇವ ಇದ್ದ, ತಾಯಿ ಇದ್ದಳು. ಹಬ್ಬಕ್ಕೆ ಹೆಂಡತಿಯನ್ನು ಕರೆದೊಯ್ಯಲು ಗಂಡನೂ ಬಂದಿದ್ದ. ಅವರು ತಂದಿದ್ದ ಟೆಂಪೋದ ಒಳಗೆ, ಡ್ರೈವರಿನ ಪಕ್ಕ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದ. ಕೊನೆಯವರೆಗೂ ಅವನು ಕೆಳಗೆ ಇಳಿಯಲಿಲ್ಲ. ಅವನ ದನಿ ಹೇಗಿತ್ತು ಎಂದು ನನಗೆ ಇಂದಿಗೂ ಗೊತ್ತಿಲ್ಲ.

"ಮಡ್ಲಕ್ಕಿ ಕಟ್ಕೊಂಡ ಎಣ್ಣು ರಸ್ತೇಲಿ ನಿಂತ್ಕಬಾರ್ದು" ಎಂದ ಕೆಂಪಣ್ಣ. "ಅತ್ತವ್ವ ಟೆಂಪೋನ."

"ಅವಳು ಅಲ್ಲಿಗೆ ಹೋಗ್ತಿಲ್ಲ. ಮೈಸೂರಿಗೆ, ಕೆಲಸಕ್ಕೆ ಹೋಗ್ತಿದ್ದಾಳೆ" ಎಂದೆ.

ಜನ ಗೊಳ್ಳೆಂದು ನಕ್ಕರು. "ಕೆಲ್ಸಕ್ಕೋಗೋಳ್ಗೆ ಮಡ್ಲಕ್ಕಿ!" ಎಂದಳು ಒಬ್ಬಳು. "ನಾಳೆ ನಮ್ಮೆಮ್ಮೆ ಸಂತೆಗೋಗ್ವಾಗ್ಲೂ ತುಂಬ್ಸಿ ಕಳ್ಸನ, ಬುಡು."

"ಕಣ್ಣಾರೆ ನೋಡಿವ್ನಿ" ಎಂದ ಕೆಂಪಣ್ಣ. "ಅರಿಸ್ನ ಕುಂಕ್ಮ ಕೊಟ್ರು, ಸೋಬಾನೆ ಏಳುದ್ರು. ಒಪ್ಪಿ ಕಳ್ಸಿದ್ದು ತಾನೇ ಅದು? ಈಗ ಇಲ್ಲ ಅಂದ್ರೆ ಏನು ಆಟ್ವಾ? ಇದ್ನ ಪಂಚಾಯ್ತಿ ಸೇರ್ಸುದ್ರೂ ಅಷ್ಟೆ, ಠಾಣೆಗೋದ್ರೂ ಅಷ್ಟೆ. ಊರೆಲ್ಲ ಸಾಕ್ಷಿ ಏಳ್ತೀವಿ."

ಅಷ್ಟು ದಿನ ಆ ಮನೆಯ ಹೊಸಿಲನ್ನೂ ಮುಟ್ಟದಿದ್ದ ಊರು, ಆ ಮನೆಯ ಅಕ್ಕಿಯನ್ನು ಹಿಡಿದುಕೊಂಡು ನ್ಯಾಯ ಹೇಳುತ್ತಿತ್ತು. ದೇವೀರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ತನ್ನ ಕೈಯಿಂದಲೇ ಏನಾಯಿತು ಎಂದು ಅವಳಿಗೆ ಆಗ ಹೊಳೆದಿತ್ತು. ಬಸ್ಸು ಬಂತು. ನಾನು ಭಾಗ್ಯನ ತೋಳು ಹಿಡಿದು ಮುಂದೆ ಹೋದೆ. ಮಾದೇವ ಅಡ್ಡ ನಿಂತ. ಕಂಡಕ್ಟರು ಬಾಗಿಲಿಂದ ತಲೆ ಹಾಕಿ, "ಜಗಳ ಮುಗ್ಸ್ಕೊಂಡು ನೆಕ್ಸ್ಟ್ ಬಸ್ಸಿಗೆ ಬನ್ರಮ್ಮಾ" ಎಂದು ಶಿಳ್ಳೆ ಊದಿದ. ಆ ದಿನದ ನೆಕ್ಸ್ಟ್ ಬಸ್ಸು ಸಂಜೆಗೆ.

ಟೆಂಪೋದ ಹಿಂಬಾಗಿಲು ತೆರೆಯಿತು. ಮಾದೇವ ತಂಗಿಯ ಭುಜಕ್ಕೆ ಕೈ ಹಾಕಿದ. ನಾನು ಕೂಗಿದೆ. ಏನೆಂದು ಕೂಗಿದೆನೋ ನೆನಪಿಲ್ಲ. ಯಾರೋ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದರು.

"ಎಳೀಬೇಡ್ವೋ" ಎಂದು ಕೆಂಪಣ್ಣನೇ ಗದರಿದ. ತನ್ನ ನ್ಯಾಯ ಚೊಕ್ಕವಾಗಿ ನಡೆಯಬೇಕೆಂದು ಅವನಿಗೆ. "ಅವ್ಳೇ ಟೆಂಪೋ ಅತ್ತಾಳೆ. ನೋಡವ್ವ, ಇದು ನಾನು ಮಾಡಿದ್ದಲ್ಲ, ಇರೀಕ್ರು ಮಾಡಿದ್ದು. ಮಡ್ಲಕ್ಕಿ ಎಲ್ಲಿ ಬೇಯ್ತದೋ ಅದೇ ಎಣ್ಣಿನ ಮನೆ. ಓಗಿ ನಿನ್ ಗಂಡನ್ ಮನೆ ಒಲೆ ಮೇಲೆ ಬೇಯ್ಸು. ಎಲ್ಲಾ ಸರಿಯಾಯ್ತದೆ."

ಅಲ್ಲಿಯವರೆಗೂ ಭಾಗ್ಯ ತಲೆ ಎತ್ತಿರಲಿಲ್ಲ. ಈಗ ಎತ್ತಿದಳು. "ಎಲ್ಲಿ ಬೇಯ್ತದೋ ಅದೇ ಮನೇನಾ ಯಜಮಾನ್ರೇ?"

"ಊಂ ಕಣವ್ವ."

"ಎಲ್ರೂ ಕೇಳುಸ್ಕೊಂಡ್ರಾ?" ಎಂದು ಸುತ್ತ ನೋಡಿದಳು. ಅವಳು ಎರಡು ಕೈಯಲ್ಲೂ ಮಡಿಲು ಹಿಡಿದುಕೊಂಡು ತಿರುಗಿ, ಬಂದ ದಾರಿಯಲ್ಲೇ ನಡೆದಳು. ಓಡಲಿಲ್ಲ. ಮಡಿಲಕ್ಕಿ ಹೊತ್ತ ಹೆಣ್ಣನ್ನು ಹಿಡಿದೆಳೆದು ಅಕ್ಕಿ ನೆಲಕ್ಕೆ ಚೆಲ್ಲಿದರೆ ಆ ಪಾಪ ಯಾರ ತಲೆಗೆ ಎಂಬ ಭಯ ಅಷ್ಟು ಜನಕ್ಕೂ ಇತ್ತು. ದಾರಿ ಬಿಟ್ಟರು. ಬಿಟ್ಟ ಮೇಲೆ ಹಿಂದೆ ಬಂದರು.

ನಾನು ಒಳಗೆ ಹೋಗುವಷ್ಟರಲ್ಲಿ ಅವಳು ಒಲೆಯ ಮುಂದೆ ಕೂತು ಮಡಿಲನ್ನು ಪಾತ್ರೆಗೆ ಬಿಚ್ಚಿದ್ದಳು. ಅಕ್ಕಿ ತೊಳೆದು ನೀರಿಟ್ಟಳು. ದೇವೀರಮ್ಮ ಪುಳ್ಳೆ ತಂದು ಒಟ್ಟಿದಳು. ಸೌದೆ ಹಸಿ, ಮನೆಯೆಲ್ಲ ಹೊಗೆ. ಗೇಟಿನ ಹೊರಗಿನಿಂದ ಕೆಂಪಣ್ಣ ಕೂಗಿದ. "ಏಯ್, ಆ ಮನೆ ನಂದು ಕಣಮ್ಮೀ!"

"ಮನೆ ನಿಮ್ದೇ ಯಜಮಾನ್ರೇ" ಎಂದು ದೇವೀರಮ್ಮ ಒಳಗಿನಿಂದಲೇ ಕೂಗಿದಳು. "ಒಲೆ ನಮ್ದು. ಮೂರು ಕಲ್ಲೂ ನಾನೇ ಒತ್ಕೊಂಡು ಬಂದಿದ್ದು. ಬೇಕಾದ್ರೆ ಒಳಕ್ಕೆ ಬಂದು ನೋಡ್ಕೊಂಡೋಗಿ."

ಅವನು ಒಳಗೆ ಬರಲಿಲ್ಲ. ಹೊಸಿಲು ದಾಟುವುದಿಲ್ಲವಲ್ಲ. ಅನ್ನ ಕುದಿಯುವ ವಾಸನೆ ಹೊರಗೆ ಹೋದಾಗ ಜನ ಗೊಣಗುತ್ತಾ ಚದುರಿದರು. ತಾವೇ ಕೇಳಿಸಿಕೊಂಡ ನ್ಯಾಯವನ್ನು ಅಲ್ಲಗಳೆಯುವುದು ಹೇಗೆಂದು ಅವರಿಗೆ ತೋಚಲಿಲ್ಲ. ಹೋಗುವ ಮೊದಲು ಹಂಚಿನ ಮೇಲೆ ಕಲ್ಲು ಹಾಕಿದರು, ಬೇರೆ ದಿನಗಳಿಗಿಂತ ಹೆಚ್ಚು. ಟೆಂಪೋ ಎರಡು ಸಲ ಹಾರನ್ ಹೊಡೆದು ಹೊರಟುಹೋಯಿತು. ಗೌರಿ ಹಬ್ಬದೊಳಗೆ ಮನೆ ಖಾಲಿ ಮಾಡಬೇಕೆಂದು ಕೆಂಪಣ್ಣ ಮಾರನೆಯ ದಿನವೇ ಹೇಳಿ ಕಳಿಸಿದ. ಖಾಲಿ ಮಾಡಿದೆವು. ಅದು ಬೇರೆ ಮಾತು.

ತಾಯಿ ಮಾತ್ರ ಗೇಟಿನ ಹತ್ತಿರ ಉಳಿದಿದ್ದಳು. ಮಾದೇವ ದೂರದಲ್ಲಿ ಬೀಡಿ ಸೇದುತ್ತಾ ಕಾಯುತ್ತಿದ್ದ. ಭಾಗ್ಯ ಬೆಲ್ಲ, ಕೊಬ್ಬರಿ ಹಾಕಿ ಮಾಡಿದ ಪಾಯಸವನ್ನು ಮುತ್ತುಗದ ಎಲೆಗೆ ಬಡಿಸಿಕೊಂಡು ಹೊರಗೆ ಹೋದಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ಬೆಳಗಿಂದ ಏನೂ ತಿಂದಿಲ್ಲ ನೀನು. ತಿಂದೋಗವ್ವ."

ತಾಯಿ ಎಲೆಯನ್ನು ನೋಡಿದಳು. ಮಗಳ ತೋಳಿನ ಗಾಯವನ್ನೂ ನೋಡಿರಬೇಕು, ಸೆರಗು ಜಾರಿತ್ತು. "ನಂಗೆ ಇಬ್ರೇ ಮಕ್ಳು ಅಂದ್ಕತೀನಿ" ಎಂದಳು. "ಮಾದೇವ, ಕಿರಿಯವ್ಳು. ದೊಡ್ಡವ್ಳು ಸತ್ತೋದ್ಲು ಅಂತ ಗಂಡಿನ್ ಕಡೇವ್ರಿಗೆ ಏಳ್ತೀನಿ."

"ಏಳು" ಎಂದಳು ಭಾಗ್ಯ. ಎಲೆಯನ್ನು ಕಾಂಪೌಂಡಿನ ಮೇಲೆ ಇಟ್ಟಳು. ತಾಯಿ ಅದನ್ನು ಮುಟ್ಟದೆ ತಿರುಗಿ ಹೋದಳು. ಮಾದೇವ ಬೀಡಿ ಬಿಸಾಕಿ ಅವಳ ಹಿಂದೆ ನಡೆದ. ರಸ್ತೆಯ ತಿರುವಿನವರೆಗೂ ಇಬ್ಬರಲ್ಲಿ ಒಬ್ಬರೂ ಹಿಂದೆ ನೋಡಲಿಲ್ಲ.

ಭಾಗ್ಯ ಒಳಗೆ ಬಂದು ಎಲ್ಲರಿಗೂ ಬಡಿಸಿದಳು. ಸೋಮವಾರ ಬೋಗಾದಿಗೆ ಹೊರಡುವುದೆಂದು ಮಾತಾಯಿತು. ಈ ಸಲ ಮಡಿಲಿಗೆ ಬತ್ತಿ ಮೂಟೆಯೊಂದೇ ಸಾಕು ಎಂದು ಯಾರೋ ಅಂದರು. ಆಗ ಹೊರಗೆ ಕಾಗೆ ಕೂಗಿತು. ಕಾಂಪೌಂಡಿನ ಮೇಲೆ ಒಂದು ಕೂತಿತ್ತು, ಎಲೆಗೆ ಕೊಕ್ಕು ಹಾಕಿತ್ತು. ನೋಡುತ್ತಿದ್ದಂತೆ ಇನ್ನೆರಡು ಬಂದವು.

ಭಾಗ್ಯ ಬಾಗಿಲಿಗೆ ಒರಗಿ ಬಹಳ ಹೊತ್ತು ಅದನ್ನೇ ನೋಡಿದಳು. "ಸದ್ಯ, ಕಾಗೆ ಮುಟ್ತು" ಎಂದಳು. "ಸತ್ತೋಳ ಎಡೆ ಸಂದಾಯ ಆಯ್ತು. ಇನ್ನು ನನ್ನ ಉಡಿಕ್ಕೊಂಡು ಯಾರೂ ಬರಲ್ಲ."

ದೇವೀರಮ್ಮನ ಕೈಯಿಂದ ಸೌಟು ಬಿತ್ತು. "ಮುಚ್ಚು ಬಾಯಿ ಮೂದೇವಿ! ಇನ್ನೂ ಬಾಳಿ ಬದುಕ್ಬೇಕಾದೋಳು. ಬುಡ್ತು ಅನ್ನು. ಅನ್ನೇ, ಬುಡ್ತು ಅನ್ನು!"

ಭಾಗ್ಯ ಕೈ ತೊಳೆದು ಬಂದು ಮಣೆಯ ಮುಂದೆ ಕೂತಳು. ಒಂದು ಕಡ್ಡಿ ತೆಗೆದುಕೊಂಡಳು. ಬಿಡ್ತು ಅನ್ನಲಿಲ್ಲ.